ಕ್ರಿಪ್ಟೋಗ್ರಫಿ, ಇನ್ಫರ್ಮೇಶನ್ ಥಿಯರಿಯಲ್ಲಿ ಪಿಎಚ್‌ಡಿ: ಸೇರುವ ಮೊದಲು, ಸೇರಿದ ಮೇಲೆ

"ಬಿಇ ಮುಗಿದಿದೆ, ಕ್ರಿಪ್ಟೋದಲ್ಲಿ ಪಿಎಚ್‌ಡಿ ಮಾಡೋಣ ಅಂತಿದೆ, ಎಲ್ಲಿಂದ ಶುರು ಮಾಡಲಿ?" ಗೇಟ್ ಫಲಿತಾಂಶ ಬರುವ ಹೊತ್ತಿಗೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ಎಂಎಸ್ಸಿ ಗಣಿತದವರು ಕೇಳುತ್ತಾರೆ, ಇಸಿ ಬ್ರಾಂಚಿನವರು ಕೇಳುತ್ತಾರೆ, ಸಾಫ್ಟ್‌ವೇರ್ ಕೆಲಸ ಸಾಕಾಗಿ ಓದಿಗೆ ಮರಳಬೇಕು ಅನ್ನುವವರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲೇ ಬರೆದುಬಿಡುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕ್ರಿಪ್ಟೋ ಅಂದರೆ ಬಿಟ್‌ಕಾಯಿನ್ ವ್ಯಾಪಾರ ಅಲ್ಲ. ಕದ್ದು ಕೇಳುವವರು, ತಿದ್ದುವವರು, ಸುಳ್ಳು ಹೇಳುವವರು ನಡುವೆ ಇದ್ದರೂ ಮಾಹಿತಿಯನ್ನು ಕಾಪಾಡುವ ಗಣಿತವೇ ಕ್ರಿಪ್ಟೋಗ್ರಫಿ. ಇನ್ಫರ್ಮೇಶನ್ ಥಿಯರಿ ಅಂದರೆ ಮಾಹಿತಿಯನ್ನು ಅಳೆಯುವ ಗಣಿತ: ಎಷ್ಟು ಹಿಂಡಿ ಚಿಕ್ಕದು ಮಾಡಬಹುದು, ಗದ್ದಲ ಇರುವ ತಂತಿಯಲ್ಲಿ ಎಷ್ಟು ವೇಗವಾಗಿ ತಪ್ಪಿಲ್ಲದೆ ಕಳಿಸಬಹುದು. ಎರಡಕ್ಕೂ ಬುನಾದಿ ಹಾಕಿದವರು ಒಬ್ಬರೇ, ಬೆಲ್ ಲ್ಯಾಬ್ಸ್‌ನ ಕ್ಲಾಡ್ ಶಾನನ್. 1948ರಲ್ಲಿ ಸಂವಹನದ ಗಣಿತದ ಮೇಲೆ ಒಂದು ಪೇಪರ್, 1949ರಲ್ಲಿ ಗುಪ್ತ ಸಂವಹನದ ಮೇಲೆ ಇನ್ನೊಂದು. ಎರಡನೆಯದರಲ್ಲಿ ಒಂದು ಕಹಿ ಸತ್ಯ ಇದೆ. ಒಂಚೂರೂ ಸೋರದ ಗುಟ್ಟು ಬೇಕಾದರೆ ಕೀಲಿ ಸಂದೇಶದಷ್ಟೇ ಉದ್ದ ಇರಬೇಕು. 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಬೇರೆ ದಾರಿ ಹಿಡಿದರು: ಗುಟ್ಟು ಒಡೆಯುವುದು ಅಸಾಧ್ಯ ಆಗಬೇಕಿಲ್ಲ, ಎದುರಾಳಿಗೆ ಲೆಕ್ಕ ಮಾಡಿ ಮುಗಿಸಲು ಸಮಯ ಸಾಲದಿದ್ದರೆ ಸಾಕು. ತಮಾಷೆ ಅಂದರೆ ಆ ಪೇಪರ್ ಅಚ್ಚಾದದ್ದು ಇನ್ಫರ್ಮೇಶನ್ ಥಿಯರಿಯ ಜರ್ನಲ್‌ನಲ್ಲೇ. ಆಮೇಲೆ ಎರಡೂ ಕಡೆಯವರು ಪಾಲಾಗಿ ಬೇರೆ ಹೋದ ಅಣ್ಣತಮ್ಮಂದಿರ ಹಾಗೆ ತಮ್ಮ ತಮ್ಮ ಲೆಕ್ಕ, ತಮ್ಮ ತಮ್ಮ ರೂಢಿ ಇಟ್ಟುಕೊಂಡರು. ಎರಡೂ ಸೇರುವ ಜಾಗದಲ್ಲಿ ಪಿಎಚ್‌ಡಿ ಮಾಡುವವರು ಜಾಸ್ತಿ ಎಡವುವುದು ಗಣಿತದಲ್ಲಲ್ಲ, ಈ ಎರಡು ರೂಢಿಗಳ ನಡುವೆ. ಕೆಳಗಿನ ಹೆಚ್ಚಿನ ಮಾತು ಅದರ ಸುತ್ತಲೇ ಇದೆ.

1. ಇದು ನಿಮಗೆ ಹಿಡಿಸುತ್ತಾ ನೋಡಿಕೊಳ್ಳಿ

ಅರ್ಜಿ, ಪರೀಕ್ಷೆ ಎಲ್ಲಾ ಆಮೇಲೆ. ಮೊದಲು ಒಂದು ಹಾಳೆ, ಪೆನ್ನು ತಗೊಳ್ಳಿ.

ಗುಟ್ಟು 7 ಅಂತಿಟ್ಟುಕೊಳ್ಳಿ. ಇದನ್ನು ನಾಲ್ಕು ಜನರಿಗೆ ಹಂಚಬೇಕು. ಯಾರೇ ಇಬ್ಬರು ಸೇರಿದರೂ ಗುಟ್ಟು ಸಿಗಬೇಕು, ಒಬ್ಬರಿಗೇ ಏನೂ ತಿಳಿಯಬಾರದು. ಲೆಕ್ಕವೆಲ್ಲ 11ರ ಒಳಗೆ, ಅಂದರೆ ಉತ್ತರ 11 ಅಥವಾ ಅದಕ್ಕಿಂತ ಹೆಚ್ಚಾದರೆ 11 ಕಳೆಯಿರಿ, ಸೊನ್ನೆಗಿಂತ ಕೆಳಗೆ ಹೋದರೆ 11 ಕೂಡಿಸಿ. 0ಯಿಂದ 10ರ ತನಕ ಯಾವುದಾದರೂ ಒಂದು ಸಂಖ್ಯೆಯನ್ನು ಚೀಟಿ ಎತ್ತಿ ಆರಿಸಿ. 3 ಬಂತು ಅನ್ನೋಣ. ಒಬ್ಬೊಬ್ಬರಿಗೆ ಕೊಡುವಾಗಲೂ 3 ಕೂಡಿಸುತ್ತಾ ಹೋಗಿ. ಮೊದಲನೆಯವರಿಗೆ 10. ಎರಡನೆಯವರಿಗೆ 13, ಅಂದರೆ 2. ಮೂರನೆಯವರಿಗೆ 5, ನಾಲ್ಕನೆಯವರಿಗೆ 8. ಈಗ ಮೊದಲ ಇಬ್ಬರು ಸೇರಿದರು ಅನ್ನಿ. 2ರಲ್ಲಿ 10 ಕಳೆದರೆ ಮೈನಸ್ 8, ಅದಕ್ಕೆ 11 ಕೂಡಿಸಿದರೆ 3. 10ರಲ್ಲಿ 3 ಹೋದರೆ 7. ಗುಟ್ಟು ಸಿಕ್ಕಿತು. ಆದರೆ ಕೈಯಲ್ಲಿ ಬರೀ 10 ಇರುವವರಿಗೆ? ಗುಟ್ಟು 0 ಆಗಿದ್ದರೆ ಚೀಟಿ 10 ಆಗಿರಬೇಕು, ಗುಟ್ಟು 1 ಆಗಿದ್ದರೆ ಚೀಟಿ 9, ಹೀಗೆ ಹನ್ನೊಂದು ಉತ್ತರಕ್ಕೂ ಸರಿಯಾಗಿ ಒಂದೊಂದು ಚೀಟಿ. ಎಷ್ಟೇ ದೊಡ್ಡ ಕಂಪ್ಯೂಟರ್ ತಂದರೂ ಇದಕ್ಕಿಂತ ಹೆಚ್ಚು ತಿಳಿಯುವುದಿಲ್ಲ. ಇದು 1979ರಲ್ಲಿ ಶಮೀರ್ ಕೊಟ್ಟ ಗುಟ್ಟು ಹಂಚುವ ವಿಧಾನ.

ಇಲ್ಲಿಗೆ ಕ್ರಿಪ್ಟೋಗ್ರಫಿ. ಈಗ ಪ್ರಶ್ನೆ ಸ್ವಲ್ಪ ತಿರುಗಿಸಿ. ಮೂರನೆಯವರು 5ರ ಬದಲು 6 ಅಂತ ಸುಳ್ಳು ಹೇಳಿದರೆ? ಮೂವರೇ ಸೇರಿದ್ದರೆ ಏನೋ ತಪ್ಪಿದೆ ಅಂತ ಗೊತ್ತಾಗುತ್ತದೆ, ಯಾರದ್ದು ಅಂತ ಗೊತ್ತಾಗುವುದಿಲ್ಲ. ನಾಲ್ವರೂ ಸೇರಿದರೆ ಮೂವರ ಲೆಕ್ಕ ಕೂಡುತ್ತದೆ, ಒಬ್ಬರದು ಕೂಡುವುದಿಲ್ಲ, ಸುಳ್ಳುಗಾರ ಸಿಕ್ಕಿಬೀಳುತ್ತಾನೆ. ಇದು ತಪ್ಪು ತಿದ್ದುವ ಕೋಡ್. 1960ರ ರೀಡ್–ಸಾಲೊಮನ್ ಕೋಡ್ ಅನ್ನುವುದು ಇದೇ ಲೆಕ್ಕ. ಎರಡೂ ಒಂದೇ ಅಂತ 1981ರಲ್ಲಿ ಮೆಕ್‌ಎಲೀಸ್ ಮತ್ತು ಸರ್ವಟೆ ತೋರಿಸಿದರು.

ಇದನ್ನು ಮಾಡುವಾಗ "ಐವರಿದ್ದು ಇಬ್ಬರು ಸುಳ್ಳು ಹೇಳಿದರೆ?" ಅಂತ ನೀವೇ ಮುಂದಿನ ಪ್ರಶ್ನೆ ಹಾಕಿಕೊಂಡಿರಾ? ಹಾಗಿದ್ದರೆ ಮುಂದೆ ಓದಿ. ಬೇಜಾರಾಗಿ ಕೊನೆಗೆ ಜಾರಿದ್ದರೆ ಸೈಬರ್ ಸೆಕ್ಯುರಿಟಿಯಲ್ಲಿ ಬೇರೆ ಒಳ್ಳೊಳ್ಳೆಯ ಕೆಲಸಗಳಿವೆ, ಅದಕ್ಕೆ ಪಿಎಚ್‌ಡಿ ಬೇಕಿಲ್ಲ.

2. ಗಣಿತದ ತಯಾರಿ

ಬೇಕಾದದ್ದು ನಾಲ್ಕು: ಪ್ರಾಬಬಿಲಿಟಿ, ಲೀನಿಯರ್ ಆಲ್ಜೀಬ್ರಾ, ಫೈನೈಟ್ ಫೀಲ್ಡ್ (ಮೇಲೆ 11ರ ಒಳಗೆ ಮಾಡಿದ್ದು ಅದೇ, ಎಣಿಸಿ ಮುಗಿಯುವಷ್ಟು ಸಂಖ್ಯೆಗಳಲ್ಲಿ ಕೂಡಿಸಿ ಕಳೆದು ಗುಣಿಸಿ ಭಾಗಿಸುವುದು), ಮತ್ತು ಯಾವ ಲೆಕ್ಕ ಎಷ್ಟು ಕಷ್ಟ ಅಂತ ಅಳೆಯುವ ಕಾಂಪ್ಲೆಕ್ಸಿಟಿ. ಇವುಗಳಲ್ಲಿ ಪ್ರಾಬಬಿಲಿಟಿ ಗಟ್ಟಿ ಇಲ್ಲದಿದ್ದರೆ ಎರಡೂ ಕಡೆ ಒದ್ದಾಟ. ಸೂತ್ರಕ್ಕೆ ಸಂಖ್ಯೆ ಹಾಕಿ ಉತ್ತರ ತೆಗೆಯುವ ಪ್ರಾಬಬಿಲಿಟಿ ಸಾಲದು, ಒಂದು ಅಸಮತೆಯನ್ನು ಸೊನ್ನೆಯಿಂದ ಸಾಧಿಸಿ ಬರೆಯಲು ಬರಬೇಕು.

ಓದಲು ಇನ್ಫರ್ಮೇಶನ್ ಥಿಯರಿಗೆ ಕವರ್–ಥಾಮಸ್ ಬರೆದ ಪುಸ್ತಕ, ಕ್ರಿಪ್ಟೋಗ್ರಫಿಗೆ ಕಾಟ್ಜ್–ಲಿಂಡೆಲ್ ಬರೆದದ್ದು. ಎರಡೂ ವಿಷಯಕ್ಕೆ ಎನ್‌ಪಿಟಿಇಎಲ್‌ನಲ್ಲಿ ಉಚಿತ ಪಾಠಗಳಿವೆ. ಇಲ್ಲಿ ಎಲ್ಲರೂ ಮಾಡುವ ತಪ್ಪು, ವಿಡಿಯೋ ನೋಡಿ ಅರ್ಥವಾಯಿತು ಅಂದುಕೊಳ್ಳುವುದು. ಅಧ್ಯಾಯದ ಕೊನೆಯ ಅಭ್ಯಾಸಗಳನ್ನು ಉತ್ತರ ನೋಡದೆ ಬರೆಯಿರಿ, ಆಗ ತಿಳಿಯುತ್ತದೆ. ಪ್ರೋಗ್ರಾಮಿಂಗ್‌ಗೆ ಪೈಥಾನ್ ಮತ್ತು ಸೇಜ್ (ಗಣಿತದ ಲೆಕ್ಕಕ್ಕೆ ಇರುವ ಸಾಫ್ಟ್‌ವೇರ್) ಸಾಕು. ಪೇಪರ್ ಬರೆಯುವುದಕ್ಕೆ ಲೇಟೆಕ್, ಅಂದರೆ ಗಣಿತವನ್ನು ಅಚ್ಚುಕಟ್ಟಾಗಿ ಟೈಪ್ ಮಾಡುವ ಸಾಫ್ಟ್‌ವೇರ್, ಈಗಲೇ ಕಲಿಯಿರಿ. ಅಂದಹಾಗೆ ಕೋಡಿಂಗ್ ಥಿಯರಿ ಅಂದರೆ ಪ್ರೋಗ್ರಾಮ್ ಬರೆಯುವುದಲ್ಲ, ತಪ್ಪು ತಿದ್ದುವ ಕೋಡ್‌ಗಳ ಗಣಿತ. ಸಂದರ್ಶನದಲ್ಲಿ "ನನಗೆ ಕೋಡಿಂಗ್ ಚೆನ್ನಾಗಿ ಬರುತ್ತೆ, ಜಾವಾ ಗೊತ್ತು" ಅಂದವರು ಇದ್ದಾರೆ, ಸುಮ್ನೆ ಹೇಳುತ್ತಿಲ್ಲ.

ಗಣಿತದವರಿಗೊಂದು ಮಾತು. ಮೇಲಿನ ಆಟದ 121 ಸಾಧ್ಯತೆಗಳನ್ನೂ (ಗುಟ್ಟು 11, ಚೀಟಿ 11) ಒಂದರ ಕೆಳಗೊಂದು, ಪ್ರತಿ ಸಾಲಿನಲ್ಲಿ ಗುಟ್ಟು ಮತ್ತು ನಾಲ್ವರ ಪಾಲು ಬರುವಂತೆ ಬರೆದರೆ ಸಿಗುವ ಪಟ್ಟಿಗೆ ಆರ್ಥೊಗೊನಲ್ ಅರೇ ಅನ್ನುತ್ತಾರೆ. ಯಾವ ಎರಡು ಕಂಬಸಾಲು (ಕಾಲಮ್) ತೆಗೆದುಕೊಂಡರೂ ಪ್ರತಿ ಜೋಡಿ ಸರಿಯಾಗಿ ಒಮ್ಮೆ ಬರುತ್ತದೆ. ಇವುಗಳ ಸಿದ್ಧಾಂತವನ್ನು 1940ರ ದಶಕದಲ್ಲೇ ಕಟ್ಟಿದವರು ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್. ಅವರಿಗೆ ಬೇಕಿದ್ದದ್ದು ಪ್ರಯೋಗಗಳ ಯೋಜನೆಗೆ. ಸಂಖ್ಯಾಶಾಸ್ತ್ರದಿಂದ ಬರುವವರು "ನಮಗೆ ಇಲ್ಲಿ ಜಾಗ ಇದೆಯಾ?" ಅಂತ ಹಿಂಜರಿಯುವುದೇ ಬೇಡ.

3. ಎಲ್ಲಿ, ಯಾವ ಪರೀಕ್ಷೆ

ಬೆಂಗಳೂರಿನ ಐಐಎಸ್‌ಸಿಯಲ್ಲಿ ಕ್ರಿಪ್ಟೋಗ್ರಫಿಯವರು ಹೆಚ್ಚಾಗಿ ಸಿಎಸ್‌ಎ (ಕಂಪ್ಯೂಟರ್ ಸೈನ್ಸ್) ವಿಭಾಗದಲ್ಲಿ, ಇನ್ಫರ್ಮೇಶನ್ ಥಿಯರಿಯವರು ಇಸಿಇ ವಿಭಾಗದಲ್ಲಿ ಸಿಗುತ್ತಾರೆ. ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ, ಅಂದರೆ ಐಎಸ್‌ಐನಲ್ಲಿ, ಆರ್. ಸಿ. ಬೋಸ್ ಹೆಸರಿನ ಕ್ರಿಪ್ಟಾಲಜಿ ಕೇಂದ್ರವೇ ಇದೆ, ಕ್ರಿಪ್ಟಾಲಜಿಯಲ್ಲಿ ಎಂಟೆಕ್ ಕೂಡ ಇದೆ. ಮುಂಬೈಯ ಟಿಐಎಫ್‌ಆರ್, ಬಾಂಬೆ ಮತ್ತು ಮದ್ರಾಸ್ ಐಐಟಿಗಳನ್ನೂ ನೋಡಿ.

ಗೇಟ್ ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಸಿಎಸ್‌ಐಆರ್ ಅಥವಾ ಯುಜಿಸಿ ನೆಟ್‌ನ ಜೆಆರ್‌ಎಫ್ ಇದ್ದರೂ ಆಗುತ್ತದೆ. ಟಿಐಎಫ್‌ಆರ್, ಐಎಸ್‌ಐ ತಮ್ಮದೇ ಪರೀಕ್ಷೆ ನಡೆಸುತ್ತವೆ. ಐಐಎಸ್‌ಸಿಯ ಎಂಜಿನಿಯರಿಂಗ್ ವಿಭಾಗಗಳಿಗೆ ಬಿಇ ಮುಗಿಸಿ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು, ಎಂಟೆಕ್ ಕಡ್ಡಾಯ ಅಲ್ಲ; ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಸಂದರ್ಶನದಲ್ಲಿ ನಿಮಗೆ ಇಷ್ಟವಾದ ಎರಡು ವಿಷಯ ಕೇಳಿ ಬೋರ್ಡ್ ಮುಂದೆ ನಿಲ್ಲಿಸುತ್ತಾರೆ. ಕ್ರಿಪ್ಟೋಗ್ರಫಿ ಅಂತ ಹೇಳಬೇಕೆಂದೇನೂ ಇಲ್ಲ. ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ ಅಂತ ಹೇಳಿ ಅವನ್ನೇ ಗಟ್ಟಿ ಮಾಡಿಕೊಂಡು ಹೋಗುವುದು ಜಾಣತನ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ, ಆದರೆ ಅಲ್ಲಿಗೇ ನಿಲ್ಲದೆ ಚಿಕ್ಕ ಉದಾಹರಣೆ ಹಾಕಿ ಯೋಚಿಸಲು ಶುರು ಮಾಡಿ. ಅವರು ನೋಡುವುದು ಅದನ್ನೇ.

ಹೊರದೇಶ ಅಂದರೆ ಅಮೆರಿಕದ ಹೆಚ್ಚಿನ ಕಡೆ ಡಿಸೆಂಬರ್ ಹೊತ್ತಿಗೆ ಅರ್ಜಿ ಹೋಗಬೇಕು. ಯುರೋಪಿನಲ್ಲಿ ಪಿಎಚ್‌ಡಿ ಬಹುಪಾಲು ಸಂಬಳದ ಕೆಲಸ, ಜಾಹೀರಾತು ವರ್ಷವಿಡೀ ಬರುತ್ತದೆ. ಐಎಸಿಆರ್ ಅನ್ನುವ ಕ್ರಿಪ್ಟೋಗ್ರಫಿ ಸಂಶೋಧಕರ ಅಂತರರಾಷ್ಟ್ರೀಯ ಸಂಘದ ಉದ್ಯೋಗ ಪುಟ ನೋಡುತ್ತಿರಿ.

ಫೆಲೋಶಿಪ್ 2023ರ ಜನವರಿಯಿಂದ ಜಾರಿಯಾದ ದರದಲ್ಲಿ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಸೇರುತ್ತದೆ. ಹಣ ಕೆಲವೊಮ್ಮೆ ತಡವಾಗಿ ಬರುತ್ತದೆ, ಎರಡು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಸೇರಿ.

4. ಗೈಡ್ ಆರಿಸುವುದು

ಸಂಸ್ಥೆಯ ಹೆಸರಿಗಿಂತ ಇದು ಮುಖ್ಯ. ಮೇಲ್ ಬರೆಯುವ ಮೊದಲು ಅವರ ಇತ್ತೀಚಿನ ಒಂದು ಪೇಪರ್‌ನ ಮೊದಲ ನಾಲ್ಕೈದು ಪುಟ ನಿಜವಾಗಿ ಓದಿ. "ಗೌರವಾನ್ವಿತ ಸರ್, ನಿಮ್ಮ ಸಂಶೋಧನೆಯಿಂದ ಪ್ರಭಾವಿತನಾಗಿದ್ದೇನೆ" ಅನ್ನುವ ಮೇಲ್‌ಗಳು ದಿನವೂ ಬರುತ್ತವೆ, ಯಾರೂ ತೆರೆಯುವುದಿಲ್ಲ. ಆ ಪೇಪರ್‌ನ ಯಾವ ಪ್ರಮೇಯ, ಅದರಲ್ಲಿ ನಿಮಗೆ ಯಾವ ಸಂದೇಹ, ನೀವು ಈವರೆಗೆ ಏನು ಓದಿದ್ದೀರಿ, ಇಷ್ಟೇ ಬರೆಯಿರಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಅಷ್ಟಕ್ಕೆ ಬಿಡಿ.

ಸೇರುವ ಮೊದಲು ಅವರ ಹಳೆಯ ವಿದ್ಯಾರ್ಥಿಗಳ ಜೊತೆ ಮಾತಾಡಿ. ಕೇಳಬೇಕಾದ್ದು "ಸರ್ ಒಳ್ಳೆಯವರಾ?" ಅಂತ ಅಲ್ಲ. ವಾರಕ್ಕೆ ಎಷ್ಟು ಸಲ ಕೂರುತ್ತಾರೆ? ಕರಡು ತಿದ್ದಿ ಕೊಡಲು ಎಷ್ಟು ದಿನ ಹಿಡಿಯುತ್ತದೆ? ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಹೊರಬಿದ್ದರು? ಹೀಗೆ ಕೇಳಿದರೆ ನಿಜವಾದ ಉತ್ತರ ಸಿಗುತ್ತದೆ. ಎರಡೂ ಕ್ಷೇತ್ರ ಮುಟ್ಟುವ ವಿಷಯವಾದರೆ ಇನ್ನೊಂದು ವಿಭಾಗದವರನ್ನು ಸಹ-ಗೈಡ್ ಮಾಡಿಕೊಳ್ಳಲು ಅವಕಾಶ ಇದೆಯಾ ಅಂತ ಮೊದಲ ವರ್ಷವೇ ವಿಚಾರಿಸಿ. ಮೂರನೇ ವರ್ಷದಲ್ಲಿ ಕೇಳಿದರೆ ಕಾಗದಪತ್ರದಲ್ಲೇ ಆರು ತಿಂಗಳು ಹೋಗುತ್ತದೆ.

5. ಎರಡು ಅಳತೆಗೋಲು

ಕೋರ್ಸ್‌ವರ್ಕ್, ಕಾಂಪ್ರಿಹೆನ್ಸಿವ್ ಪರೀಕ್ಷೆ ಇದೆಲ್ಲ ಎಲ್ಲಾ ಪಿಎಚ್‌ಡಿಗೂ ಒಂದೇ, ಅದನ್ನು ಹಾರಿಸುತ್ತೇನೆ. ಇಲ್ಲಿ ಮಾತ್ರ ನಿಧಾನವಾಗಿ ಓದಿ.

ಎಂಟ್ರೊಪಿ ಅಂದರೆ ಅನಿಶ್ಚಿತತೆಯ ಅಳತೆ, ಬಿಟ್‌ಗಳಲ್ಲಿ. ಒಂದು 256 ಬಿಟ್‌ಗಳ ಕೀಲಿ ಇದೆ ಅಂದುಕೊಳ್ಳಿ. ಅದನ್ನು ಮಾಡುವ ಯಂತ್ರ ಹಾಳಾಗಿದೆ: ಅರ್ಧ ಸಲ ಎಲ್ಲಾ ಸೊನ್ನೆ ಕೊಡುತ್ತದೆ, ಉಳಿದರ್ಧ ಸಲ ಸರಿಯಾದ ಅಡ್ಡಾದಿಡ್ಡಿ (ರ್ಯಾಂಡಮ್) ಕೀಲಿ. ಶಾನನ್ ಎಂಟ್ರೊಪಿ ಲೆಕ್ಕ ಹಾಕಿದರೆ ಸುಮಾರು 129 ಬಿಟ್. ಚೆನ್ನಾಗೇ ಇದೆ ಅನಿಸುತ್ತದೆ, ಅಲ್ವಾ? ಆದರೆ ಕಳ್ಳ "ಎಲ್ಲಾ ಸೊನ್ನೆ" ಅಂತ ಒಂದೇ ಸಲ ಊಹಿಸಿದರೂ ಎರಡರಲ್ಲಿ ಒಂದು ಸಲ ಗೆಲ್ಲುತ್ತಾನೆ. ಅದಕ್ಕೇ ಕ್ರಿಪ್ಟೋಗ್ರಫಿಯವರು ಮಿನ್-ಎಂಟ್ರೊಪಿ ಬಳಸುತ್ತಾರೆ, ಅಂದರೆ ಕಳ್ಳನ ಅತ್ಯುತ್ತಮ ಊಹೆ ಎಷ್ಟು ಸಲ ಗೆಲ್ಲುತ್ತದೆ ಅನ್ನುವುದರ ಅಳತೆ. ಈ ಕೀಲಿಗೆ ಅದು ಬರೀ 1 ಬಿಟ್. ಶಾನನ್ ಅಳತೆ ಸರಾಸರಿಯದು, ದತ್ತಾಂಶ ಹಿಂಡುವುದಕ್ಕೆ ಅದೇ ಸರಿ. ಕಳ್ಳನಿಗೆ ಸರಾಸರಿಯ ಹಂಗಿಲ್ಲ.

ಇನ್ನೊಂದು. 1975ರಲ್ಲಿ ವೈನರ್ ವೈರ್‌ಟ್ಯಾಪ್ ಚಾನೆಲ್ ಅನ್ನುವ ಮಾದರಿ ತಂದರು. ಕದ್ದು ಕೇಳುವವನ ತಂತಿಯಲ್ಲಿ ಗದ್ದಲ ಜಾಸ್ತಿ ಇದ್ದರೆ ಕೀಲಿ ಇಲ್ಲದೆಯೂ ಗುಟ್ಟು ಕಳಿಸಬಹುದು. ಬಹಳ ಚಂದದ ಫಲಿತಾಂಶ. ಆದರೆ ಅಲ್ಲಿ ಸೋರಿಕೆಯನ್ನು ಸಂದೇಶದ ಉದ್ದದಿಂದ ಭಾಗಿಸಿ ಅದು ಸೊನ್ನೆಯತ್ತ ಹೋದರೆ ಸಾಕು ಅನ್ನುತ್ತಿದ್ದರು. 10,000 ಬಿಟ್‌ಗೆ 100 ಬಿಟ್ ಸೋರಿತು, 10 ಲಕ್ಷಕ್ಕೆ 1,000 ಸೋರಿತು ಅಂದುಕೊಳ್ಳಿ. ಪ್ರಮಾಣ ಶೇಕಡಾ 1ರಿಂದ 0.1ಕ್ಕೆ ಇಳಿಯಿತು, ಸೋರಿದ ಬಿಟ್ ಮಾತ್ರ ಹತ್ತು ಪಟ್ಟಾಯಿತು. ಆ ಸಾವಿರ ಬಿಟ್‌ನಲ್ಲಿ ನಿಮ್ಮ ಪಾಸ್‌ವರ್ಡ್ ಇದ್ದರೆ? ಮೇಲಾಗಿ ಸಂದೇಶ ಪೂರ್ತಿ ಅಡ್ಡಾದಿಡ್ಡಿ ಆಯ್ಕೆ ಅಂತಲೂ ಊಹಿಸುತ್ತಿದ್ದರು, ನಿಜದ ಸಂದೇಶಗಳು ಹಾಗಿರುವುದಿಲ್ಲ. 2012ರಲ್ಲಿ ಬೆಲಾರೆ, ಟೆಸ್ಸಾರೊ, ವಾರ್ಡಿ ಈ ಹಳೆಯ ಚಾನೆಲ್‌ಗೆ ಕ್ರಿಪ್ಟೋಗ್ರಫಿಯ ಕಟ್ಟುನಿಟ್ಟಾದ ಅಳತೆ ಹಚ್ಚಿ, ಅದನ್ನು ಮುಟ್ಟುವ ವಿಧಾನವನ್ನೂ ಕೊಟ್ಟರು. ನಡುವಿನ ಜಾಗದಲ್ಲಿ ಹೇಗೆ ಕೆಲಸ ಹುಟ್ಟುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ನೀವು ಮಾಡಬೇಕಾದ್ದು ಇಷ್ಟು. ಯಾವುದೇ ಪೇಪರ್ ಓದುವಾಗ, ಪ್ರಮೇಯಕ್ಕೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಎದುರಾಳಿ ಯಾರು, ಅವನಿಗೆ ಏನು ಕಾಣುತ್ತದೆ, ಅವನ ಸಮಯಕ್ಕೆ ಮಿತಿ ಇದೆಯಾ, ಸೋರಿಕೆ ಯಾವ ಅಳತೆಯಲ್ಲಿ. ನಿಮ್ಮ ಸ್ವಂತ ಕೆಲಸಕ್ಕೂ ಇದೇ. ಪರಿಹಾರ ಮೊದಲು ಮಾಡಿ ವ್ಯಾಖ್ಯೆ ಆಮೇಲೆ ಹೊಲಿದರೆ ವಿಮರ್ಶಕರು ಎರಡನೇ ಪುಟದಲ್ಲೇ ಹಿಡಿಯುತ್ತಾರೆ.

6. ಸಮಸ್ಯೆ ಆರಿಸುವಾಗ

ಮೊದಲ ಬಲೆ ಸ್ವಂತ ಸೈಫರ್, ಅಂದರೆ ಸಂದೇಶವನ್ನು ಗುಟ್ಟಾಗಿಸುವ ವಿಧಾನ, ಕಟ್ಟುವುದು. ನಮ್ಮಲ್ಲಿ ಚಿತ್ರಗಳನ್ನು ಕೇಯಾಸ್ ಸೂತ್ರದಿಂದ ಕಲಸಿ, ನಾಲ್ಕು ಹಿಸ್ಟೋಗ್ರಾಂ ಹಾಕಿ "ಹೊಸ ಸುರಕ್ಷಿತ ವಿಧಾನ" ಅನ್ನುವ ಥೀಸಿಸ್‌ಗಳು ರಾಶಿ ಇವೆ. ಹಿಸ್ಟೋಗ್ರಾಂ ಸಮನಾಗಿದ್ದ ಮಾತ್ರಕ್ಕೆ ಸುರಕ್ಷತೆ ಸಾಬೀತಾಗುವುದಿಲ್ಲ. ಗೈಡ್ ಅದನ್ನೇ ಕೊಟ್ಟರೆ, ಎದುರಾಳಿಯ ಮಾದರಿ ಏನು ಅಂತ ಕೇಳಿ ನೋಡಿ.

ಎರಡನೆಯದು "ಈ ಲೆಕ್ಕ ಬಿಡಿಸುವುದು ಕಷ್ಟ" ಅನ್ನುವಂಥ ಒಂದೇ ಊಹೆಯ ಮೇಲೆ ಇಡೀ ಥೀಸಿಸ್ ನಿಲ್ಲಿಸುವುದು. ಕ್ವಾಂಟಮ್ ಕಂಪ್ಯೂಟರ್‌ಗೂ ಜಗ್ಗದ ವಿಧಾನಗಳಿಗಾಗಿ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ನಡೆಸಿದ ಸ್ಪರ್ಧೆಯಲ್ಲಿ 2022ರಲ್ಲಿ ಏನಾಯಿತು ನೋಡಿ. ಫೈನಲ್ ತಲುಪಿದ್ದ ಡಿಜಿಟಲ್ ಸಹಿ ವಿಧಾನ ರೇನ್‌ಬೋದ ಒಂದು ಆವೃತ್ತಿ ಲ್ಯಾಪ್‌ಟಾಪ್‌ನಲ್ಲಿ ವಾರಾಂತ್ಯದೊಳಗೆ ಮುರಿಯಿತು. ನಾಲ್ಕನೇ ಸುತ್ತಿನಲ್ಲಿದ್ದ ಸೈಕ್‌ನ ಒಂದು ಆವೃತ್ತಿ ಒಂದೇ ಕೋರ್‌ನಲ್ಲಿ ಸುಮಾರು ಒಂದು ಗಂಟೆಯಲ್ಲಿ ಮುರಿಯಿತು. ಅವುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದವರ ಗತಿ ಯೋಚಿಸಿ. ಇನ್ಫರ್ಮೇಶನ್ ಥಿಯರಿಯ ಫಲಿತಾಂಶಗಳಿಗೆ ಈ ಭಯ ಇಲ್ಲ, ಶಾನನ್ 1949ರಲ್ಲಿ ಸಾಧಿಸಿದ್ದು ಇಂದಿಗೂ ನಿಜ. ಬೆಲೆ ಬೇರೆ ಕಡೆ ತೆರಬೇಕು: ಉದ್ದ ಕೀಲಿ, ಜಾಸ್ತಿ ಸಂವಹನ. ಒಂದು ಅಧ್ಯಾಯವಾದರೂ ಯಾವ ಊಹೆಯೂ ಬೇಡದ್ದು ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಈಗ ಕೆಲಸ ಇರುವ ಕಡೆಗಳು: ಕೋಡ್ ಆಧಾರಿತ ಕ್ರಿಪ್ಟೋಗ್ರಫಿ (ಮೆಕ್‌ಎಲೀಸ್ 1978ರಲ್ಲಿ ಶುರು ಮಾಡಿದ್ದು, 2025ರ ಮಾರ್ಚ್‌ನಲ್ಲಿ ಎನ್‌ಐಎಸ್‌ಟಿ ಇದೇ ಬಗೆಯ ಎಚ್‌ಕ್ಯೂಸಿಯನ್ನು ಆರಿಸಿತು), ಗುಟ್ಟು ಹಂಚುವಿಕೆಯಲ್ಲಿ ಪಾಲಿನ ಗಾತ್ರ ಎಷ್ಟು ಚಿಕ್ಕದಾಗಬಹುದು ಅನ್ನುವ ಪ್ರಶ್ನೆ, ಮತ್ತು ಯಾವ ದಾಖಲೆ ನೋಡಿದೆ ಅಂತ ಸರ್ವರ್‌ಗೇ ತಿಳಿಯದಂತೆ ಅದನ್ನು ತರಿಸಿಕೊಳ್ಳುವ ವಿಧಾನಗಳು.

7. ಪ್ರಕಟಣೆ

ಕ್ರಿಪ್ಟೋಗ್ರಫಿಯಲ್ಲಿ ಸಮ್ಮೇಳನಗಳೇ ದೊಡ್ಡವು: ಕ್ರಿಪ್ಟೋ, ಯೂರೋಕ್ರಿಪ್ಟ್, ಏಷ್ಯಾಕ್ರಿಪ್ಟ್, ಟಿಸಿಸಿ. ಏಷ್ಯಾಕ್ರಿಪ್ಟ್ 2024ರಲ್ಲಿ ಕೋಲ್ಕತ್ತದಲ್ಲೇ ನಡೆಯಿತು. 2000ದಿಂದ ನಡೆಯುತ್ತಿರುವ ಇಂಡೋಕ್ರಿಪ್ಟ್ ಮೊದಲ ಪೇಪರ್‌ಗೆ ಒಳ್ಳೆಯ ಜಾಗ. ಇನ್ಫರ್ಮೇಶನ್ ಥಿಯರಿಯಲ್ಲಿ ತೂಕ ಜರ್ನಲ್‌ಗೆ. ಐಎಸ್‌ಐಟಿ ಸಮ್ಮೇಳನಕ್ಕೆ ಚಿಕ್ಕ ಪೇಪರ್ ಕಳಿಸಿ, ಅದನ್ನೇ ಬೆಳೆಸಿ ಐಇಇಇಯ ಟ್ರಾನ್ಸಾಕ್ಷನ್ಸ್ ಜರ್ನಲ್‌ಗೆ ಕಳಿಸುವುದು ರೂಢಿ. ಅಲ್ಲಿ ವಿಮರ್ಶೆ ಬರುವಷ್ಟರಲ್ಲಿ ವರ್ಷ ಕಳೆಯಬಹುದು, ಕೊನೆಯ ವರ್ಷಕ್ಕೆ ಇಟ್ಟುಕೊಳ್ಳಬೇಡಿ. ಕರಡನ್ನು ಮೊದಲೇ ಆನ್‌ಲೈನ್‌ನಲ್ಲಿ ಹಾಕಿಡಲು ಇನ್ಫರ್ಮೇಶನ್ ಥಿಯರಿಯವರಿಗೆ ಆರ್ಕೈವ್ (arXiv), ಕ್ರಿಪ್ಟೋಗ್ರಫಿಯವರಿಗೆ ಐಎಸಿಆರ್‌ನ ಇ-ಪ್ರಿಂಟ್.

ಲೇಖಕರ ಹೆಸರಿನ ವಿಷಯ ಕೇಳಿ. ಕ್ರಿಪ್ಟೋಗ್ರಫಿಯಲ್ಲಿ, ಅದರಲ್ಲೂ ಥಿಯರಿಯಲ್ಲಿ, ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತವೆ. ಇನ್ಫರ್ಮೇಶನ್ ಥಿಯರಿಯಲ್ಲಿ ಹೆಚ್ಚಾಗಿ ವಿದ್ಯಾರ್ಥಿ ಮೊದಲು. "ಮೊದಲ ಲೇಖಕ ಆಗಿರಬೇಕು" ಅನ್ನುವ ನಿಯಮ ನಿಮ್ಮ ವಿಶ್ವವಿದ್ಯಾಲಯದಲ್ಲಿದ್ದು, ನಿಮ್ಮ ಹೆಸರು ಇಂಗ್ಲಿಷಿನ ವಿ ಅಥವಾ ವೈ ಅಕ್ಷರದಿಂದ ಶುರುವಾಗುತ್ತಿದ್ದರೆ ಗೈಡ್‌ನಿಂದ ಒಂದು ಪತ್ರ ಬರೆಸಿ ಮೊದಲೇ ಕಡತಕ್ಕೆ ಸೇರಿಸಿ. ದುಡ್ಡು ಕಟ್ಟಿದರೆ ಹತ್ತು ದಿನದಲ್ಲಿ ಅಚ್ಚು ಹಾಕುತ್ತೇವೆ ಅನ್ನುವ ಜರ್ನಲ್‌ಗಳ ಹತ್ತಿರವೂ ಸುಳಿಯಬೇಡಿ. ಆ ಹೆಸರು ಬಯೋಡೇಟಾದಲ್ಲಿ ಉಳಿದು ಒಳ್ಳೆಯ ಪೇಪರ್‌ಗಳ ಬೆಲೆಯನ್ನೂ ತಗ್ಗಿಸುತ್ತದೆ.

8. ಥೀಸಿಸ್, ಆಮೇಲೆ

ಯುಜಿಸಿಯ 2022ರ ನಿಯಮದಲ್ಲಿ ಕನಿಷ್ಠ ಮೂರು ವರ್ಷ, ಸಾಮಾನ್ಯ ಮಿತಿ ಆರು ವರ್ಷ. ಪೇಪರ್‌ಗಳನ್ನು ಸಾಲಾಗಿ ಅಂಟಿಸಿ ಥೀಸಿಸ್ ಅನ್ನಬೇಡಿ. ಎರಡು ಕಡೆಯ ಸಂಕೇತಗಳು ಬೇರೆ ಬೇರೆ ಇರುತ್ತವೆ, ಮೊದಲ ಅಧ್ಯಾಯದಲ್ಲೇ ಒಂದು ಮಾಡಿ. ಹೊರಗಿನ ಪರೀಕ್ಷಕರಲ್ಲಿ ಒಬ್ಬರು ಈ ಕಡೆಯವರು, ಇನ್ನೊಬ್ಬರು ಆ ಕಡೆಯವರು ಆಗಿರುವ ಸಾಧ್ಯತೆ ಜಾಸ್ತಿ. ಇಬ್ಬರಿಗೂ ಅರ್ಥವಾಗುವಂತೆ ಬರೆಯುವುದಕ್ಕೆ ಆರು ತಿಂಗಳು ಎತ್ತಿಡಿ.

ಕೆಲಸಕ್ಕೆ ಪೋಸ್ಟ್‌ಡಾಕ್, ಕಾಲೇಜು, ಕಂಪನಿಗಳ ಸಂಶೋಧನಾ ವಿಭಾಗ ಇವೆ. ಸರ್ಕಾರದ ಕಡೆ ಡಿಆರ್‌ಡಿಒದ ಎರಡು ಲ್ಯಾಬ್‌ಗಳು, ಬೆಂಗಳೂರಿನ ಕೇರ್ (CAIR) ಮತ್ತು ದೆಹಲಿಯ ಎಸ್‌ಎಜಿ (SAG), ಇವೆ; ಡಿಆರ್‌ಡಿಒ ಹೊರಗೆ ಚೆನ್ನೈನ ಸೆಟ್ಸ್ (SETS) ಇದೆ. ರಕ್ಷಣಾ ಇಲಾಖೆಯ ಲ್ಯಾಬ್ ಸೇರಿದರೆ ಮಾಡಿದ್ದನ್ನೆಲ್ಲ ಪ್ರಕಟಿಸಲು ಆಗುವುದಿಲ್ಲ, ತಿಳಿದೇ ಹೋಗಿ. ಪೋಸ್ಟ್‌ಡಾಕ್ ಬೇಕಿದ್ದರೆ ಥೀಸಿಸ್ ಒಪ್ಪಿಸುವುದಕ್ಕೆ ಒಂದು ವರ್ಷ ಮೊದಲೇ ಮೇಲ್ ಶುರು ಮಾಡಿ, ಶಿಫಾರಸು ಪತ್ರ ಕೊಡುವ ಮೂವರಲ್ಲಿ ಒಬ್ಬರಾದರೂ ನಿಮ್ಮ ಸಂಸ್ಥೆಯ ಹೊರಗಿನವರಿರಲಿ. ಇನ್ನೊಂದು ಸಣ್ಣ ವಿಷಯ: ಪದವಿ ಮುಗಿದ ಮೇಲೆ ಸಂಸ್ಥೆಯ ಮೇಲ್ ಐಡಿ ಮುಚ್ಚಿಹೋಗಬಹುದು, ಪೇಪರ್‌ಗಳಲ್ಲಿ ನಿಮ್ಮ ಸ್ವಂತ ಮೇಲ್ ಐಡಿಯನ್ನೂ ಹಾಕಿ.